ಕರ್ಮಕ್ಕೆ ಅವಧಿಯುಂಟೆ?

ಜ್ಞಾನವುದಿಸಿದ ಮೇಲೆ ಕರ್ಮಾನುಷ್ಠಾನಕ್ಕೆ ಸ್ಥಾನವುಂಟೆ ಎಂಬುದು ನಮ್ಮ ದರ್ಶನಗಳನ್ನು ಬಹುಕಾಲದಿಂದ ಕಾಡಿರುವ ಪ್ರಶ್ನೆ. ಕರ್ಮವನ್ನು ಚಿತ್ತಶುದ್ಧಿಗೆ ಸಾಧನವೆಂದು ಅಂಗೀಕರಿಸಿದ ಶಂಕರಾಚಾರ್ಯರು, ಆತ್ಮಜ್ಞಾನದಿಂದ ಕರ್ತೃತ್ವಬುದ್ಧಿಯೇ ಅಳಿದವನಿಗೆ ಅದು ತಾನಾಗಿ ಕಳಚಿಹೋಗುವುದೆಂದರು. ರಾಮಾನುಜಾಚಾರ್ಯರಾದರೋ, ಅಗ್ನಿಹೋತ್ರಾದಿ ನಿತ್ಯಕರ್ಮಗಳು ಉಪಾಸನೆಗೆ ಪೋಷಕವಾದುದರಿಂದ ದೇಹಾವಸಾನದವರೆಗೂ ಆಚರಿಸತಕ್ಕವೆಂದು ಶ್ರೀಭಾಷ್ಯದಲ್ಲಿ ಪ್ರತಿಪಾದಿಸಿದರು. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಆರು ಮೆಟ್ಟಿಲುಗಳನ್ನು ಹೇಳಿದ ವೀರಶೈವರಲ್ಲಿಯೂ ದೀಕ್ಷೆಯಲ್ಲಿ ಪಡೆದ ಇಷ್ಟಲಿಂಗವು ಸಮಾಧಿಯಲ್ಲಿಯೂ ಅಂಗೈ ಬಿಡುವುದಿಲ್ಲ. ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯವರಿಗೆ ಈ ವಿವಾದವು ದೂರದ ಮಾತಲ್ಲ: ಅವರ ಹೊಲಗದ್ದೆಗಳ ಪಕ್ಕದಲ್ಲಿ ಹರಿಯುವ ತುಂಗಭದ್ರೆ ಹುಟ್ಟುವ ಕೂಡಲಿಯಲ್ಲಿ ಅದ್ವೈತಮಠವೂ ಮಧ್ವಮಠವೂ ಒಂದೇ ಕ್ಷೇತ್ರದಲ್ಲಿವೆ, ಇತ್ತ ಹೊನ್ನಾಳಿಯಲ್ಲಿ ವೀರಶೈವರ ಹಿರೇಕಲ್ಮಠವಿದೆ.

ಈ ಪ್ರಶ್ನೆಯನ್ನು ವಿಚಾರಿಸಲು ನಾನು ಆಶ್ರಯಿಸುವ ದೃಷ್ಟಾಂತವು ಯಾವ ಶಾಸ್ತ್ರಗ್ರಂಥದ್ದೂ ಅಲ್ಲ, ಎರಡನೆಯ ಮಹಾಯುದ್ಧದ ಕಾಲದ ಡಾಜ್ ಮೊದಲಾದ ಪೆಟ್ರೋಲ್ ಲಾರಿಗಳದು. 1945ರಲ್ಲಿ ಯುದ್ಧ ಮುಗಿದ ಬಳಿಕ ಸೈನ್ಯಕ್ಕೆ ಬೇಡವಾಗಿ, ‘ಡಿಸ್ಪೋಸಲ್’ ಎಂಬ ಹೆಸರು ಹೊತ್ತು ಖಾಸಗಿಯವರ ಕೈಸೇರಿದ ಇಂಥ ಗಾಡಿಗಳ ಎಂಜಿನ್ನಿನಲ್ಲಿ, ಹೊಗೆ ಹೊರಹೋಗುವ ಮ್ಯಾನಿಫೋಲ್ಡಿನೊಳಗೆ ತಿರುಗಣಿಯ ಮೇಲೆ ಕುಳಿತ ಒಂದು ಸಣ್ಣ ಕದವುಂಟು. ಎಂಜಿನ್ ತಣ್ಣಗಿರುವಾಗ, ಭಿನ್ನ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ ಸುರುಳಿ ಸ್ಪ್ರಿಂಗು ಆ ಕದವನ್ನು ಅಡ್ಡಹಿಡಿದು, ಬಿಸಿಹೊಗೆಯನ್ನು ಕಾರ್ಬ್ಯುರೇಟರಿನ ಕೆಳಗಣ ಕೊಳವೆಯ ತಳಕ್ಕೆ ಹಾಯಿಸುವುದು. ಆ ಶಾಖದಿಂದ ಪೆಟ್ರೋಲು ಹನಿಯಾಗಿ ಉಳಿಯದೆ ಆವಿಯಾಗುವುದು. ಎಂಜಿನ್ ಕಾದಂತೆ ಸ್ಪ್ರಿಂಗು ಸಡಿಲಿ, ಹೊರಗಣ ತೂಕದ ಗುಂಡೂ ಹೊಗೆಯ ಒತ್ತಡವೂ ಕದವನ್ನು ತಿರುಗಿಸಿ, ಹೊಗೆಗೆ ನೇರವಾಗಿ ಸೈಲೆನ್ಸರಿನ ದಾರಿ ಬಿಡುವುವು.

ಮಸಿಯೂ ತುಕ್ಕೂ ಕಟ್ಟಿ ಈ ಕದವು ಅಡ್ಡವಾಗಿಯೇ ಸಿಕ್ಕಿಕೊಂಡರೆ, ಕಾದ ಎಂಜಿನ್ನಿಗೆ ಮತ್ತೂ ಕಾವು ಬಡಿದು, ಒಳಸೇರುವ ಮಿಶ್ರಣ ತೆಳುವಾಗಿ ಶಕ್ತಿ ಕುಂದುವುದು, ಪೆಟ್ರೋಲು ಕಾರ್ಬ್ಯುರೇಟರಿನಲ್ಲೇ ಕುದಿಯತೊಡಗುವುದು; ತೆರೆದೇ ಸಿಕ್ಕಿಕೊಂಡರೆ, ಆವಿಯಾಗದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು, ಎಂಜಿನ್ ಆಯಿಲನ್ನೇ ನೀರಾಗಿಸುವುದು. ಬಿಸಿಲುನಾಡಿನ ನಮಗೆ ಇದೆಲ್ಲ ಏತಕ್ಕೆಂದು ಕದವನ್ನು ತೆರೆದ ನಿಲುವಿನಲ್ಲೇ ಬೆಸುಗೆ ಹಾಕಿಸುವವರುಂಟು. ಆದರೆ ನದೀತೀರದ ಮಾಗಿಯ ಮುಂಜಾವಿನಲ್ಲಿ ಚೋಕ್ ಎಳೆದೆಳೆದು ಗಾಡಿ ಹೊರಡಿಸುವವನಿಗೆ ಈ ವಾದದ ಕೊರತೆ ತಿಳಿಯದೆ ಇರದು.

ಆಚಾರದ ಗತಿಯೂ ಇದೇ. ಉಪವಾಸ, ಮೌನ, ಜಪಗಳು ಹೊರಕ್ಕೆ ಹರಿದುಹೋಗುವ ಚೇತನದ ಕಾವನ್ನು ಒಳಕ್ಕೆ ತಿರುಗಿಸಿ, ಇನ್ನೂ ಜಡವಾಗಿರುವ ಮನಸ್ಸನ್ನು ಹದಗೊಳಿಸುವುವು. ಹದಗೊಂಡ ಮೇಲೂ ಅದೇ ಬಿಗಿಯಲ್ಲಿ ನಿಂತ ನಿಯಮವು ಕರ್ಮಠತನವಾಗಿ, ಹಸಿದು ಬಂದ ಅತಿಥಿಯನ್ನು ಮಡಿಯ ನೆಪದಲ್ಲಿ ಹೊಸಿಲಾಚೆ ನಿಲ್ಲಿಸುವುದು. ನಿಯಮವನ್ನೇ ಕಿತ್ತೊಗೆದ ಪಾಂಡಿತ್ಯವು ವೇದಾಂತವನ್ನು ನುಡಿಯುತ್ತಲೇ ಒಳಗಿನ ಶೀಲವನ್ನು ತೊಳೆದುಹಾಕುವುದು.

ಕದದ ಉಪಚಾರದಲ್ಲಿಯೂ ಒಂದು ಸೂಕ್ಷ್ಮವಿದೆ. ಎಂಜಿನ್ ತಣ್ಣಗಿರುವಾಗಲೇ ಗುಂಡನ್ನು ಕೈಯಿಂದ ತಿರುಗಿಸಿ, ಕದವು ಸಲೀಸಾಗಿ ಆಡುವುದೇ ಎಂದು ನೋಡತಕ್ಕದ್ದು. ಹಾಗೆಯೇ ನಮ್ಮ ನಿಯಮಗಳ ಪರೀಕ್ಷೆಯೂ ರಾಗದ್ವೇಷಗಳು ಶಮಿಸಿರುವ ಹೊತ್ತಿನಲ್ಲಿ ನಡೆಯಬೇಕಾದದ್ದು. ಬಿಗಿದ ತಿರುಗಣಿಗೆ ಸಾಮಾನ್ಯ ಎಣ್ಣೆ ಬಿಟ್ಟರೆ ಅದು ಶಾಖಕ್ಕೆ ಕರಿಕಟ್ಟಿ ಇನ್ನಷ್ಟು ಅಂಟುವುದು; ಗ್ರಾಫೈಟ್ ಬೆರೆಸಿದ ತೆಳುದ್ರವವನ್ನು ಬಿಟ್ಟರೆ ದ್ರವವು ಆರಿಹೋಗಿ, ಉರಿಗೆ ಅಂಜದ ಗ್ರಾಫೈಟ್ ಉಳಿಯುವುದು. ಆಚಾರವಂತನೆಂಬ ಹೊಗಳಿಕೆಯಿಂದ ನುಣುಪಾಗಿಸಿಕೊಂಡ ವ್ರತವೂ ಮೊದಲ ಅಪಮಾನದ ಉರಿಯಲ್ಲೇ ಕರಿಕಟ್ಟುವುದು.

ಆದರೂ ದೃಷ್ಟಾಂತಕ್ಕೊಂದು ಮಿತಿಯುಂಟು. ಲೋಹಕ್ಕೆ ಅಹಂಕಾರವಿಲ್ಲ, ಕಾಯದೆಯೇ ಕಾದೆನೆಂದು ಅದು ಹೇಳಿಕೊಳ್ಳದು. ಮನುಷ್ಯನು ಹೇಳಿಕೊಳ್ಳುವನು. ಕರ್ಮವನ್ನು ಕೊನೆತನಕ ಬಿಡಬೇಡಿರೆಂಬ ವಿಧಿಯು ಈ ಆತ್ಮವಂಚನೆಗೆ ಹಾಕಿದ ಕಾವಲೂ ಹೌದೆಂದು ನನಗೆ ತೋರುತ್ತದೆ. ತುಂಗಾತೀರದ ಶೃಂಗೇರಿಯ ಪೀಠದಲ್ಲಿದ್ದ ವಿದ್ಯಾರಣ್ಯರು ಅದ್ವೈತಿಗಳೇ ಆಗಿದ್ದೂ, ಜೀವನ್ಮುಕ್ತಿವಿವೇಕದಲ್ಲಿ ತತ್ತ್ವಜ್ಞಾನದೊಡನೆ ವಾಸನಾಕ್ಷಯ ಮನೋನಾಶಗಳ ಅಭ್ಯಾಸವನ್ನೂ ವಿಧಿಸಿದುದು ಗಮನಾರ್ಹವಾಗಿದೆ.

ಆದುದರಿಂದ ಕರ್ಮಕ್ಕೆ ಅವಧಿಯುಂಟೆ ಎಂಬುದಕ್ಕೆ ನನ್ನ ಉತ್ತರವಿಷ್ಟು: ಅದರ ಬಿಗಿತಕ್ಕೆ ಅವಧಿಯುಂಟು, ಅದರ ಇರವಿಗಿಲ್ಲ. ತೆರೆದ ಕದವು ಮ್ಯಾನಿಫೋಲ್ಡಿನಿಂದ ಹೊರಬಿದ್ದ ಕದವಲ್ಲ. ಸಾಧಕನು ಕಾಪಾಡಿಕೊಳ್ಳಬೇಕಾದದ್ದು ನಿಯಮದ ಕಾಠಿನ್ಯವನ್ನಲ್ಲ, ಅದರ ಚಲನಶಕ್ತಿಯನ್ನು. ತನ್ನ ನಿಯಮವು ಕಡೆಯದಾಗಿ ಯಾವಾಗ ಮಣಿಯಿತು, ಮಣಿದದ್ದು ಪರರ ಸಂಕಟಕ್ಕೋ ಸ್ವಂತ ಆಲಸ್ಯಕ್ಕೋ ಎಂದು ಕೇಳಿಕೊಳ್ಳುವುದೇ ಅದರ ನಿತ್ಯಪರೀಕ್ಷೆ.