ಮೊದಲು ಅಳಿಸು, ಆಮೇಲೆ ಹೆಸರು ಕೇಳು

ಕೆಲಸಕ್ಕೆ ಸೇರಿ ಎರಡನೇ ವರ್ಷ. ರಾತ್ರಿ ಒಂಬತ್ತೂವರೆ. ತಂಡದ ಲಿನಕ್ಸ್ ಸರ್ವರ್‌ನಲ್ಲಿ ಮ್ಯಾಕ್ ಬಳಸುವವರು ಬಿಟ್ಟುಹೋದ ಕಸ ಗುಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮ್ಯಾಕ್‌ನಲ್ಲಿ ಫೋಲ್ಡರ್ ತೆರೆದು ನೋಡಿದರೆ ಸಾಕು, ಅದು ಅಲ್ಲೊಂದು 'ಡಾಟ್ ಡಿಎಸ್ ಸ್ಟೋರ್' ಅನ್ನೋ ಫೈಲು ಇಟ್ಟುಬಿಡುತ್ತೆ. ಐಕಾನುಗಳು ಎಲ್ಲೆಲ್ಲಿದ್ದವು ಅನ್ನುವಂಥ ಲೆಕ್ಕ ಅದರಲ್ಲಿರುತ್ತೆ. ಫೋಲ್ಡರ್ ಕಾಪಿ ಮಾಡಿದರೆ ಅದೂ ಜೊತೆಗೇ ಬರುತ್ತೆ. ಹೆಸರು ಚುಕ್ಕಿಯಿಂದ ಶುರುವಾಗುವುದರಿಂದ ಸುಮ್ಮನೆ 'ಎಲ್ಎಸ್' ಹೊಡೆದರೆ ಕಾಣುವುದಿಲ್ಲ.

ಇಂಥವನ್ನು ಹುಡುಕಿ ಅಳಿಸಲು 'ಫೈಂಡ್' ಕಮಾಂಡ್ ಇದೆ. ಎಲ್ಲಿಂದ ಹುಡುಕಬೇಕು, ಯಾವ ಹೆಸರಿನದ್ದು ಬೇಕು, ಸಿಕ್ಕಿದರೆ ಏನು ಮಾಡಬೇಕು, ಇದೇ ಕ್ರಮದಲ್ಲಿ ಹೇಳಬೇಕು. ಹೆಸರು ಮೊದಲು, 'ಡಿಲೀಟ್' ಕೊನೆಗೆ. ಮನೆಗೆ ಹೋಗುವ ಅವಸರದಲ್ಲಿ ನಾನು 'ಡಿಲೀಟ್' ಅನ್ನು ಮೊದಲು ಬರೆದೆ. ಫೈಂಡ್ ಎಡದಿಂದ ಬಲಕ್ಕೆ ಓದುತ್ತೆ. ಕಂಡ ಪ್ರತಿ ಫೈಲನ್ನೂ ಮೊದಲು ಅಳಿಸಿತು, ಆಮೇಲೆ 'ನಿನ್ನ ಹೆಸರೇನಪ್ಪಾ' ಅಂತ ಕೇಳಿತು.

ಕೆಲವೇ ಸೆಕೆಂಡು. ಟೆಸ್ಟಿಂಗ್ ತಂಡದ ನಾಲ್ಕು ಜನ ಒಂದು ವಾರ ಕೂತು ಬರೆದಿದ್ದೆಲ್ಲ ಹೋಯಿತು. ಗಿಟ್ ತನ್ನ ಹಳೆಯ ಲೆಕ್ಕವೆಲ್ಲ ಇಟ್ಟುಕೊಳ್ಳುವುದೂ ಚುಕ್ಕಿಯಿಂದ ಶುರುವಾಗುವ ಒಂದು ಫೋಲ್ಡರಿನಲ್ಲೇ. ಅದೂ ಹೋಯಿತು. ಅವರಿನ್ನೂ ಪುಶ್ ಮಾಡಿರಲಿಲ್ಲ. ಆ ಸರ್ವರ್‌ಗೆ ಬ್ಯಾಕಪ್ ಇರಲಿಲ್ಲ. ಕಮಾಂಡ್ ಲೈನಿನಲ್ಲಿ ಅಳಿಸಿದ್ದಕ್ಕೆ ರೀಸೈಕಲ್ ಬಿನ್ ಅಂತ ಒಂದು ಇರುವುದಿಲ್ಲ.

ಇಲ್ಲಿಯವರೆಗೆ ಆದದ್ದು ತಪ್ಪು. ನಾನು ಬರೆಯಹೊರಟಿದ್ದು ಮುಂದಿನ ಐದು ನಿಮಿಷದ ಬಗ್ಗೆ.

ಆ ಸರ್ವರ್‌ಗೆ ನಮಗೆಲ್ಲ ಒಂದೇ ಲಾಗಿನ್. ಯಾರು ಏನು ಟೈಪ್ ಮಾಡಿದರೂ 'ಡಾಟ್ ಬ್ಯಾಷ್ ಹಿಸ್ಟರಿ' ಅನ್ನೋ ಇನ್ನೊಂದು ಚುಕ್ಕಿ ಫೈಲಿಗೆ ಬೀಳುತ್ತೆ. ಸುತ್ತ ನೋಡಿದೆ. ಫ್ಲೋರ್ ಖಾಲಿ. ಆ ಫೈಲನ್ನೂ ಅಳಿಸಿ, ಲಾಗೌಟ್ ಆಗಿ, ಬಸ್ ಹತ್ತಿದೆ.

ಊರಿನ ಶಾಲೆಯಲ್ಲಿ ಮೇಷ್ಟ್ರು ಕನಕದಾಸರ ಬಾಳೆಹಣ್ಣಿನ ಕಥೆ ಹೇಳುತ್ತಿದ್ದರು. ಯಾರೂ ಇಲ್ಲದ ಜಾಗದಲ್ಲಿ ತಿಂದು ಬನ್ನಿ ಅಂತ ಗುರುಗಳು ಶಿಷ್ಯರಿಗೆಲ್ಲ ಒಂದೊಂದು ಹಣ್ಣು ಕೊಡುತ್ತಾರೆ. ಎಲ್ಲರೂ ತಿಂದು ಬಂದರೆ ಕನಕರು ಮಾತ್ರ ಹಣ್ಣು ವಾಪಸ್ ತರುತ್ತಾರೆ, ದೇವರಿಲ್ಲದ ಜಾಗ ಸಿಗಲಿಲ್ಲ ಅಂತ. ಬಸ್ಸಿನಲ್ಲಿ ಅದು ನೆನಪಾಗಿತ್ತು. ಆದರೆ ದೇವರು ಹಿಸ್ಟರಿ ಫೈಲು ನೋಡುತ್ತಾನೆ ಅನ್ನುವ ಭಯ ಇಪ್ಪತ್ನಾಲ್ಕರ ಎಂಜಿನಿಯರಿಗೆ ಎಲ್ಲಿಂದ ಬರಬೇಕು?

ಬೆಳಿಗ್ಗೆ ಮ್ಯಾನೇಜರ್ ಕರೆದರು. ರಾತ್ರಿ ಲಾಗಿನ್ ಆಗಿದ್ದ ಕಂಪ್ಯೂಟರ್‌ಗಳು ಎರಡೇ ಅಂತ ಅವರಿಗೆ ಗೊತ್ತಾಗಿತ್ತು: ನನ್ನದು, ಮತ್ತೆ ರಾತ್ರಿ ಪಾಳಿಯಲ್ಲಿ ಜಾಬ್‌ಗಳನ್ನು ನೋಡಿಕೊಳ್ಳುವ ಹುಡುಗಿಯದು. ಅವಳು ಏಜೆನ್ಸಿ ಮೂಲಕ ಬಂದ ಕಾಂಟ್ರಾಕ್ಟ್ ಕೆಲಸಗಾರ್ತಿ. ಕೂರುತ್ತಿದ್ದುದು ಬೇರೆ ಮಹಡಿಯಲ್ಲಿ.

"ನೀನೇನಾದ್ರೂ ಮಾಡಿದ್ಯಾ?"

"ಇಲ್ಲ ಸರ್. ನಾನು ಬೇಗ ಹೊರಟೆ."

"ಹಂಗಾದ್ರೆ ಅವಳೇ. ಕಾಂಟ್ರಾಕ್ಟ್ ಜನ ಅಲ್ವಾ, ಏನೋ ಒತ್ತಿರ್ತಾರೆ. ಏಜೆನ್ಸಿಗೆ ಮೇಲ್ ಹಾಕ್ತೀನಿ."

ಸೀಟಿಗೆ ಬಂದು ಮತ್ತೆ ಲಾಗಿನ್ ಆದೆ. ಎದೆ ಧಸಕ್ಕೆಂದಿತು. ನಾನು ಅಳಿಸಿದ್ದ ಹಿಸ್ಟರಿ ಫೈಲು ಅಲ್ಲೇ ಕೂತಿತ್ತು. ಬ್ಯಾಷ್ ನಾವು ಟೈಪ್ ಮಾಡಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಂಡು, ಲಾಗೌಟ್ ಆಗುವಾಗ ಫೈಲಿಗೆ ಬರೆಯುತ್ತೆ. ಫೈಲು ಇಲ್ಲದಿದ್ದರೆ ಹೊಸದು ಮಾಡಿ ಬರೆಯುತ್ತೆ. ಮೊದಲು ಅದರಲ್ಲಿ ಐದಾರು ಜನರ ನೂರಾರು ಸಾಲು ಇದ್ದವು, ನನ್ನದು ಆ ಜಾತ್ರೆಯಲ್ಲಿ ಒಂದಾಗಿರುತ್ತಿತ್ತು. ಈಗ ಇದ್ದದ್ದು ಬೆರಳೆಣಿಕೆಯ ಸಾಲು: ನನ್ನ ಫೈಂಡ್, ಅದರ ಕೆಳಗೆ ಹಿಸ್ಟರಿ ಅಳಿಸಿದ ನನ್ನದೇ ಕಮಾಂಡ್, ಆಮೇಲೆ ಅವಳು ಲಾಗ್ ನೋಡಿದ ನಾಲ್ಕು ಸಾಲು.

ಇದನ್ನೂ ಅಳಿಸುವುದು ಕಷ್ಟವಿರಲಿಲ್ಲ. ಮೆಮೊರಿಯಲ್ಲಿರುವುದನ್ನು ಫೈಲಿಗೆ ಬರೆಯದ ಹಾಗೆ ಮಾಡುವುದು ಹೇಗೆ ಅಂತ ಹತ್ತು ನಿಮಿಷದಲ್ಲಿ ಕಲಿತೆ. ಕೈ ಮಾತ್ರ ಓಡಲಿಲ್ಲ. ರಾತ್ರಿ ಮಾಡಿದ್ದು ಗಾಬರಿಯಲ್ಲಿ ಅಂತ ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಹಗಲು ಹೊತ್ತು, ಕಾಫಿ ಕುಡಿದು, ಒಬ್ಬಳ ಕೆಲಸ ಹೋಗುತ್ತೆ ಅಂತ ಗೊತ್ತಿದ್ದೂ ಮಾಡಿದರೆ ಅದಕ್ಕೆ ಗಾಬರಿ ಅನ್ನೋ ಹೆಸರಿಲ್ಲ.

ಹಾಗಂತ ಎದ್ದು ಹೋಗಿ ಹೇಳಲೂ ಇಲ್ಲ. ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಏಜೆನ್ಸಿಗೆ ಮೇಲ್ ಹೋಗಿಯಾಗಿತ್ತು. ನಾನು ಒಪ್ಪಿಕೊಂಡ ಮೇಲೆ ಮ್ಯಾನೇಜರ್ ಕೂಗಾಡಿ, ಆಮೇಲೆ ಅದನ್ನು ವಾಪಸ್ ತಗೊಂಡರು. ಟೆಸ್ಟಿಂಗ್ ತಂಡದ ಜೊತೆ ಎರಡು ಶನಿವಾರ ಕೂತು ಹೋದದ್ದನ್ನು ಮತ್ತೆ ಬರೆದೆ. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ. ನಾನು ಪರ್ಮನೆಂಟ್ ಇದ್ದೆ ನೋಡಿ.

ಅವಳ ಹತ್ತಿರ ಕ್ಷಮೆ ಕೇಳಲು ಹೋದೆ.

"ನಂಗೆ ಗೊತ್ತಿತ್ತು ಸರ್," ಅಂದಳು. "ಮಾರನೇ ದಿನಾನೇ ಹಿಸ್ಟರಿ ಫೈಲು ನೋಡಿದ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಿದ್ರು?"

ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಈ ಚುಕ್ಕಿ ಫೈಲುಗಳ ಮೂಲದ ಬಗ್ಗೆ ಬರೆದಿದ್ದರು. ಪ್ರತಿ ಡೈರೆಕ್ಟರಿಯಲ್ಲೂ ಒಂದು ಚುಕ್ಕಿ, ಎರಡು ಚುಕ್ಕಿ ಅಂತ ಎರಡು ಹೆಸರು ಇದ್ದೇ ಇರುತ್ತವೆ. ಪಟ್ಟಿಯಲ್ಲಿ ಅವು ಬೇಡ ಅಂತ, ಚುಕ್ಕಿಯಿಂದ ಶುರುವಾಗುವ ಹೆಸರನ್ನೆಲ್ಲ 'ಎಲ್ಎಸ್' ಬಿಟ್ಟುಬಿಡುವ ಹಾಗೆ ಸುಲಭದ ದಾರಿ ಹಿಡಿದರಂತೆ. ಅಂದರೆ ಈ ಫೈಲುಗಳನ್ನು ಯಾರೂ ಬಚ್ಚಿಟ್ಟಿದ್ದಲ್ಲ. ಪಟ್ಟಿಗೆ ಸೇರಿಸಲಿಲ್ಲ, ಅಷ್ಟೇ.

ಯಾರೂ ಇಲ್ಲದ ಜಾಗ ಅಂದಾಗ ನನಗೀಗ ನೆನಪಾಗುವುದು ಇದು. ಆ ರಾತ್ರಿ ನಾನು ಸುತ್ತ ನೋಡಿದಾಗ ಅವಳೂ ಅದೇ ಸರ್ವರ್‌ನಲ್ಲಿದ್ದಳು. ಯಾರು ಯಾರಿದ್ದಾರೆ ಅಂತ ನೋಡಲು ಒಂದೇ ಪದದ ಕಮಾಂಡ್ ಇದೆ, 'ಹೂ'. ನಾನು ಹೊಡೆಯಲಿಲ್ಲ. ಹೊಡೆದಿದ್ದರೂ ಅವಳನ್ನು ಒಬ್ಬಳು ಅಂತ ಲೆಕ್ಕಕ್ಕೆ ತಗೊಳ್ಳುತ್ತಿದ್ದೆನಾ, ಗೊತ್ತಿಲ್ಲ.

ಈಗ ನನ್ನ ತಂಡಕ್ಕೆ ಹೊಸಬರು ಬಂದರೆ ಫೈಂಡ್ ನಾನೇ ಕಲಿಸುತ್ತೇನೆ. ಮೊದಲು 'ಡಿಲೀಟ್' ಇಲ್ಲದೆ ಓಡಿಸಿ, ಬಂದ ಪಟ್ಟಿಯನ್ನು ಒಂದೊಂದೇ ಸಾಲು ಓದಿ. ಆಮೇಲೆ ಬೇಕಾದರೆ ಕೊನೆಗೆ ಸೇರಿಸಿ. ಹೇಳಿ ಮುಗಿಸಿ ಈ ಕಥೆಯನ್ನೂ ಹೇಳುತ್ತೇನೆ, ಆ ಎರಡು ದಿನವನ್ನು ಬಿಡದೆ.