ಮಾ-ರಾಬರ್ಟ್

1857ರ ಡಿಸೆಂಬರಿನಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದ. ಆಫ್ರಿಕವನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ದಾಟಿ ಬಂದ ಮಿಶನರಿ. ಬರೆದ ಪುಸ್ತಕ ಭರ್ಜರಿಯಾಗಿ ಮಾರಾಟವಾಗುತ್ತಿತ್ತು. ಜನ ನನ್ನ ತ್ಯಾಗದ ಬಗ್ಗೆ ಮಾತಾಡ್ತಾರೆ, ಆದರೆ ಅದು ತ್ಯಾಗವೇ ಅಲ್ಲ, ನನಗೆ ಸಿಕ್ಕ ಭಾಗ್ಯ ಎಂಬರ್ಥದ ಮಾತನ್ನು ಆತ ಅಲ್ಲಿ ಆಡಿದ. ತಾನು ಯಾವತ್ತೂ ತ್ಯಾಗ ಮಾಡಿದ್ದೇ ಇಲ್ಲ ಅಂತಲೂ ಹೇಳಿದ. ಇದನ್ನು ದೊಡ್ಡವರ ವಿನಯ ಅಂತ ಓದಿಕೊಳ್ಳುವುದು ರೂಢಿ. ನನಗೇನೋ ಅದು ಅಕ್ಷರಶಃ ನಿಜ ಅನ್ನಿಸುತ್ತದೆ. ಆತ ತ್ಯಾಗ ಮಾಡಲಿಲ್ಲ. ಮಾಡಿದವರು ಬೇರೆ.

ಆತನ ಹೆಂಡತಿ ಮೇರಿ ಹುಟ್ಟಿದ್ದೇ ಆಫ್ರಿಕದಲ್ಲಿ, 1821ರಲ್ಲಿ. ಅಪ್ಪ ರಾಬರ್ಟ್ ಮೊಫಾಟ್ ಇಂದಿನ ದಕ್ಷಿಣ ಆಫ್ರಿಕದ ಕುರುಮಾನ್ ಎಂಬ ಊರಲ್ಲಿ ನೆಲೆನಿಂತು, ಬೈಬಲನ್ನು ಸೆಟ್ಸ್‌ವಾನ ಭಾಷೆಗೆ ತಂದು, ಅಲ್ಲೇ ಅಚ್ಚುಕೂಟ ಹಾಕಿದ ಮನುಷ್ಯ. ಮೇರಿಗೆ ಸೆಟ್ಸ್‌ವಾನ ಆಡುತ್ತಾ ಬೆಳೆದ ಭಾಷೆ. 1845ರಲ್ಲಿ ಮದುವೆ. 1847ರಿಂದ ಸಂಸಾರ ಇದ್ದದ್ದು ಇಂದಿನ ಬೋಟ್ಸ್ವಾನದ ಕೊಲೊಬೆಂಗ್‌ನಲ್ಲಿ, ಬಕ್ವೇನ ಜನರ ನಡುವೆ.

ಕೊಲೊಬೆಂಗ್‌ನ ಆ ಮನೆಯ ದಿನಚರಿ ಓದಿದರೆ ಸುಸ್ತಾಗುತ್ತದೆ. ಅಂಗಡಿ ಅನ್ನುವುದೇ ಇಲ್ಲ. ಸೋಪು ಬೇಕಾದರೆ ಗಿಡ ಸುಟ್ಟ ಬೂದಿಯಿಂದ ಮಾಡಬೇಕು, ಮೇಣದ ಬತ್ತಿಯನ್ನು ಮನೆಯಲ್ಲೇ ಅಚ್ಚಿಗೆ ಹೊಯ್ಯಬೇಕು, ಬೆಣ್ಣೆ ಜಾಡಿಯಲ್ಲಿ ಕಡೆಯಬೇಕು. ಬೆಳಗ್ಗೆ ಪ್ರಾರ್ಥನೆ, ಆಮೇಲೆ ಊರವರಿಗೆ ಪಾಠ. ಮಧ್ಯಾಹ್ನದ ಸುಡುಬಿಸಿಲಲ್ಲಿ ಮೇರಿ ಶಿಶುಶಾಲೆಗೆ ಹೊರಡುತ್ತಿದ್ದಳು. ಅಲ್ಲಿ 60ಕ್ಕೂ ಹೆಚ್ಚು ಮಕ್ಕಳು. ಬರಗಾಲ ಬಂದಾಗ ಊರವರ ಜೊತೆ ಈ ಮನೆಯವರೂ ಮಿಡತೆ ತಿಂದರು. ಮತ್ಲಮೆತ್ಲೊ ಎಂಬ ದೊಡ್ಡ ಕಪ್ಪೆಯನ್ನು ಮಕ್ಕಳು ಇಷ್ಟಪಟ್ಟು ತಿನ್ನುತ್ತಿದ್ದವಂತೆ. ನಮ್ಮ ಹಳ್ಳಿಗಳಲ್ಲಿ ‘ರಮೇಶನ ಅವ್ವ’ ಅನ್ನುತ್ತಾರಲ್ಲ, ಅಲ್ಲೂ ಅದೇ ಪದ್ಧತಿ. ಹಿರಿಯ ಮಗ ರಾಬರ್ಟ್ ಹುಟ್ಟಿದ ಮೇಲೆ ಮೇರಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಮಾ-ರಾಬರ್ಟ್ ಅಂತ.

ಈ ಮಕ್ಕಳ ಜೊತೆ ಆಟ ಆಡಲಿಲ್ಲವಲ್ಲ ಅನ್ನುವುದೊಂದೇ ಆ ದಿನಗಳ ಬಗ್ಗೆ ತನಗಿರುವ ಕೊರಗು ಅಂತ ಲಿವಿಂಗ್‌ಸ್ಟನ್ ಮುಂದೆ ಬರೆದ. ದಿನವಿಡೀ ದುಡಿದು ಸಂಜೆಯ ಹೊತ್ತಿಗೆ ತನ್ನಲ್ಲಿ ಉತ್ಸಾಹವೇ ಉಳಿದಿರುತ್ತಿರಲಿಲ್ಲ ಅಂತ. ಔಟರ್ ರಿಂಗ್ ರೋಡಿನ ಟ್ರಾಫಿಕ್ ದಾಟಿ ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗಿನದು ಕಷ್ಟದ ಬದುಕು, ಆದರೆ ಇಬ್ಬರೂ ಸೇರಿ ಹೊತ್ತ ಕಷ್ಟ. ಆಮೇಲಿನದು ಬೇರೆ ಕಥೆ. ಲಿವಿಂಗ್‌ಸ್ಟನ್‌ಗೆ ಉತ್ತರದ ಸೆಳೆತ ಹತ್ತಿತು. 1850ರಲ್ಲಿ ಹೆಂಡತಿ ಮಕ್ಕಳನ್ನು ಎತ್ತಿನ ಗಾಡಿಗೆ ಹತ್ತಿಸಿಕೊಂಡು ಕಲಹಾರಿಯ ಆಚೆ ನ್ಗಾಮಿ ಸರೋವರದ ತನಕ ಹೋದ. ಮಕ್ಕಳಿಗೆ ಜ್ವರ ಬಂತು. ವಾಪಸು ಬಂದ ಮೇಲೆ ಹುಟ್ಟಿದ ಎಲಿಜಬೆತ್ ಕೆಲವೇ ವಾರ ಬದುಕಿದಳು. ಮರುವರ್ಷ ಮತ್ತೆ ಹೊರಟ. ಮೇರಿ ಮತ್ತೆ ಗರ್ಭಿಣಿ. ದಾರಿ ತೋರಿಸುವವನು ಕೈಕೊಟ್ಟ, ಮರುಭೂಮಿಯಲ್ಲಿ ನೀರು ಮುಗಿಯಿತು. ಮಕ್ಕಳು ಕಣ್ಣೆದುರೇ ಸಾಯಬಹುದು ಎಂಬ ಆ ಗಳಿಗೆಯನ್ನು ಲಿವಿಂಗ್‌ಸ್ಟನ್ ತನ್ನ ಪುಸ್ತಕದಲ್ಲೇ ಬರೆದಿದ್ದಾನೆ. ಇದಕ್ಕೆಲ್ಲ ನೀನೇ ಕಾರಣ ಅಂತ ಹೆಂಡತಿ ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು, ಆದರೆ ಆಕೆ ಒಂದು ಮಾತೂ ಆಡಲಿಲ್ಲ, ಕಣ್ಣಲ್ಲಿ ಮಾತ್ರ ನೀರಿತ್ತು ಅಂತ. ಐದನೆಯ ದಿನ ನೀರು ಸಿಕ್ಕಿತು. ಸೆಪ್ಟೆಂಬರಿನಲ್ಲಿ, ನದಿಯೊಂದರ ದಂಡೆಯಲ್ಲಿ, ಹೆರಿಗೆಯಾಯಿತು.

‘ಆ ಕಾಲವೇ ಹಾಗಿತ್ತು ಬಿಡಿ, ಇವತ್ತಿನ ಕಣ್ಣಲ್ಲಿ ನೋಡಬಾರದು’ ಅಂತ ಯಾರಾದರೂ ಅನ್ನುತ್ತಾರೆ. ಈ ವಾದವನ್ನು ನಾನು ಒಪ್ಪುವವನೇ, ಆದರೆ ಇಲ್ಲಿ ಅದು ನಿಲ್ಲುವುದಿಲ್ಲ. ಯಾಕೆಂದರೆ ಆ ಕಾಲದ, ಅದೇ ನಂಬಿಕೆಯ, ಅದೇ ಕೆಲಸದಲ್ಲಿ ಆಯುಸ್ಸು ಸವೆಸಿದ ಒಬ್ಬಾಕೆ ಅವತ್ತೇ ಎದ್ದು ಕೇಳಿದ್ದಳು. ಅವನ ಅತ್ತೆ, ಮೇರಿಯ ತಾಯಿ. ತಾನೇ ಎಳೆ ಮಕ್ಕಳನ್ನು ಮಣ್ಣು ಮಾಡಿದ್ದ ಹೆಂಗಸು. ಒಂದು ಕೂಸನ್ನು ಕಳೆದುಕೊಂಡದ್ದು ಸಾಲದೇ, ಬಸುರಿ ಹೆಂಡತಿ, ಪುಟ್ಟ ಮಕ್ಕಳನ್ನು ಕಟ್ಟಿಕೊಂಡು ಮತ್ತೆ ಕಾಡಿಗೆ ಹೊರಟಿದ್ದೀಯಾ ಅಂತ ಅಳಿಯನಿಗೆ ಖಾರವಾಗಿ ಪತ್ರ ಬರೆದಳು. ಅಳಿಯ ಆ ಪತ್ರವನ್ನು ತನ್ನ ದಿನಚರಿಯಲ್ಲಿ ನಕಲು ಮಾಡಿಕೊಂಡ. ಹೊರಡುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಇನ್ನೊಂದು ಸಂಸಾರದ ವಿಷಯವೂ ಇದೆ. ಇದನ್ನು ಹೇಳದೆ ಇದ್ದರೆ ಬಿಳಿಯರ ಕಣ್ಣೀರಿನ ಕಥೆ ಮಾತ್ರ ಆದೀತು. ಬಕ್ವೇನರ ಮುಖ್ಯಸ್ಥ ಸೆಚೆಲೆಗೆ ಐವರು ಹೆಂಡಿರು. ಬಲು ಚುರುಕು ಮನುಷ್ಯ, ಅಕ್ಷರಮಾಲೆಯನ್ನು ಒಂದೇ ದಿನದಲ್ಲಿ ಕಲಿತವನು. ನಿನ್ನ ಪೂರ್ವಿಕರಿಗೆ ಈ ದೇವರ ಸುದ್ದಿ ಮೊದಲೇ ಗೊತ್ತಿದ್ದರೆ ನನ್ನ ಪೂರ್ವಿಕರಿಗೆ ಯಾಕೆ ಹೇಳಿ ಕಳಿಸಲಿಲ್ಲ ಅಂತ ಲಿವಿಂಗ್‌ಸ್ಟನ್‌ಗೇ ಪ್ರಶ್ನೆ ಹಾಕಿದವನು. 1848ರಲ್ಲಿ ಆತ ದೀಕ್ಷಾಸ್ನಾನ ಪಡೆದ. ಅದಕ್ಕೆ ಮುಂಚೆ ಒಬ್ಬಳನ್ನು ಉಳಿಸಿಕೊಂಡು ನಾಲ್ವರನ್ನು ಕಳಿಸಬೇಕಿತ್ತು. ಕಳಿಸಿದ. ಹೊಸ ಬಟ್ಟೆ ಕೊಟ್ಟು, ಅವರವರ ಗುಡಿಸಲಲ್ಲಿದ್ದ ತನ್ನ ಸಾಮಾನನ್ನೂ ಕೊಟ್ಟು, ನಿಮ್ಮಲ್ಲಿ ತಪ್ಪೇನೂ ಇಲ್ಲ ಅಂತ ತವರಿಗೆ ಹೇಳಿ ಕಳಿಸಿದ. ತಮಾಷೆ ಅಂದರೆ, ಹಾಗೆ ಹೋದವರು ಶಾಲೆಯ ಒಳ್ಳೆಯ ವಿದ್ಯಾರ್ಥಿನಿಯರಾಗಿದ್ದರು. ಉಳಿದ ಪಟ್ಟದರಸಿಗೆ ಹೊಸ ಧರ್ಮ ಅಷ್ಟಕ್ಕಷ್ಟೇ. ಬಿಟ್ಟ ಹೆಂಡಿರ ಬಂಧುಗಳು ತಿರುಗಿಬಿದ್ದರು, ಶಾಲೆಗೂ ಪ್ರಾರ್ಥನೆಗೂ ಬರುವವರು ಕಮ್ಮಿಯಾದರು. ಸ್ವಲ್ಪ ದಿನದಲ್ಲಿ ಬಿಟ್ಟ ಹೆಂಡಿರಲ್ಲಿ ಒಬ್ಬಳು ಸೆಚೆಲೆಯಿಂದಲೇ ಬಸುರಿಯಾದಳು. ಲಿವಿಂಗ್‌ಸ್ಟನ್ ಆತನನ್ನು ಪ್ರಭುಭೋಜನದಿಂದ ಹೊರಗಿಟ್ಟ.

ಸತ್ಯಕ್ಕೆ ಬೆಲೆ ಕೊಡಬೇಕು, ಸರಿ. ಆ ಬೆಲೆಯನ್ನು ಯಾರ ಜೇಬಿನಿಂದ ಕೊಟ್ಟರು ಅನ್ನುವುದು ಪ್ರಶ್ನೆ. ಸೆಚೆಲೆಯ ಆತ್ಮೋದ್ಧಾರದ ಖರ್ಚು ಆ ನಾಲ್ವರು ಹೆಂಗಸರ ಲೆಕ್ಕಕ್ಕೆ ಬಂತು. ಅವರ ಹತ್ತಿರ ಯಾರೂ ಕೇಳಿರಲಿಲ್ಲ. ನಮ್ಮ ಹರಿಶ್ಚಂದ್ರನದೂ ಇದೇ ಅಲ್ವಾ? ಮಾತು ಕೊಟ್ಟವನು ಅವನು, ಕಾಶಿಯಲ್ಲಿ ಮಾರಾಟಕ್ಕೆ ನಿಂತವರು ಚಂದ್ರಮತಿ, ಲೋಹಿತಾಶ್ವ. ಕಾವ್ಯದಲ್ಲಾದರೆ ಕೊನೆಗೆ ದೇವರು ಬಂದು ಸತ್ತ ಮಗನನ್ನು ಎಬ್ಬಿಸಿ ಕೊಡುತ್ತಾನೆ. ಕೊಲೊಬೆಂಗ್‌ನಲ್ಲಿ ಆ ಸೌಲಭ್ಯ ಇರಲಿಲ್ಲ.

‘ಫಲ ಬಂತಲ್ಲ’ ಅನ್ನುವುದು ಇನ್ನೊಂದು ಸಮರ್ಥನೆ. ಬಂತು, ನಿಜ. ಪೂರ್ವ ಆಫ್ರಿಕದ ಗುಲಾಮ ವ್ಯಾಪಾರದ ಕ್ರೌರ್ಯವನ್ನು ಲಿವಿಂಗ್‌ಸ್ಟನ್ ಬರೆದು ಬರೆದು ಬ್ರಿಟನ್ನಿನ ಜನರ ಕಣ್ಣಿಗೆ ತಂದ. ಆತ ತೀರಿಕೊಂಡ 1873ರಲ್ಲೇ ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿತು. ಇದನ್ನು ಚಿಲ್ಲರೆ ಕೆಲಸ ಅಂತ ಯಾರೂ ಅನ್ನಲಾರರು. ಆದರೆ ಫಲ ದೊಡ್ಡದು ಅನ್ನುವುದು, ಕೇಳದೆ ತೆಗೆದುಕೊಂಡದ್ದಕ್ಕೆ ರಸೀದಿ ಆಗುವುದಿಲ್ಲ. ಸ್ಟಾರ್ಟಪ್ ಗೆದ್ದಿತು ಅಂತ, ಅದಕ್ಕಾಗಿ ಅಡವಿಟ್ಟ ಅಮ್ಮನ ಬಳೆ ಅವನದಾಗಿಬಿಡುತ್ತದೆಯೇ?

ಹಾಗಾದರೆ ಹೆಂಡತಿ ಮಕ್ಕಳನ್ನು ಸುರಕ್ಷಿತವಾಗಿ ಊರಿಗೆ ಕಳಿಸಿದರೆ ಸರಿಯಾಗುತ್ತದೆಯೇ? ಕೊನೆಗೆ ಆತ ಅದನ್ನೇ ಮಾಡಿದ. 1852ರ ಏಪ್ರಿಲ್‌ನಲ್ಲಿ ಕೇಪ್‌ಟೌನಿನಿಂದ ಮೇರಿಯನ್ನೂ ನಾಲ್ಕು ಮಕ್ಕಳನ್ನೂ ಹಡಗು ಹತ್ತಿಸಿದ. ಆದರೆ ಯಾರ ಊರಿಗೆ? ಸ್ಕಾಟ್ಲೆಂಡ್ ಅವನ ಊರು. ಆಫ್ರಿಕದಲ್ಲಿ ಹುಟ್ಟಿ ಬೆಳೆದ ಮೇರಿಗೆ ಅದು ಪರದೇಶ. ಅತ್ತೆ ಮಾವನ ಜೊತೆ ಹೊಂದಲಿಲ್ಲ. ಬಾಡಿಗೆ ರೂಮಿನಿಂದ ಬಾಡಿಗೆ ರೂಮಿಗೆ ಅಲೆದಾಟ, ಖರ್ಚಿಗೆ ಮಿಶನ್ ಸಂಸ್ಥೆಯ ಮುಂದೆ ಕೈಚಾಚುವುದು. ಹೀಗೆ ನಾಲ್ಕೂವರೆ ವರ್ಷ. ಮರುಭೂಮಿಯಲ್ಲಿ ಬಾಯಿಬಿಡದ ಹೆಂಗಸು ಇಲ್ಲಿ ಮುರಿದುಹೋದಳು. ಹೀಗೆ ಮಕ್ಕಳನ್ನು ಕಳಿಸುವುದು ಈತನೊಬ್ಬನ ಹಣೆಬರಹವೂ ಆಗಿರಲಿಲ್ಲ. ನಮ್ಮ ಮಂಗಳೂರು, ಧಾರವಾಡಗಳಲ್ಲೂ ಆಫ್ರಿಕದ ಗೋಲ್ಡ್ ಕೋಸ್ಟ್‌ನಲ್ಲೂ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಶನ್ನಿನವರು ತಮ್ಮ ಮಿಶನರಿಗಳ ಮಕ್ಕಳಿಗಾಗಿ ಬಾಸೆಲಿನಲ್ಲಿ ಒಂದು ಮನೆಯನ್ನೇ ನಡೆಸುತ್ತಿದ್ದರು. ಶಾಲೆಯ ವಯಸ್ಸು ಬಂತೆಂದರೆ ಅಪ್ಪ ಅಮ್ಮ ಇಲ್ಲಿ, ಮಕ್ಕಳು ಅಲ್ಲಿ.

ಮೇರಿಗೆ ಏನು ಬೇಕಿತ್ತು? ಇದನ್ನು ಯೋಚಿಸಿದಾಗ ಆಕೆಯನ್ನು ಬರೀ ಬಲಿಪಶು ಅಂತ ನೋಡುವುದು ನನಗೆ ಕಷ್ಟವಾಗುತ್ತದೆ. ಆಕೆಗೆ ಆಫ್ರಿಕ ಬೇಕಿತ್ತು, ಗಂಡನ ಜೊತೆಗಿನ ಕೆಲಸವೂ ಬೇಕಿತ್ತು. ಸೋಪು ಕಾಸಿ, ಶಾಲೆ ನಡೆಸಿ, ಒಂದೇ ಊರಲ್ಲಿ ಬೇರುಬಿಟ್ಟು ಬದುಕಿದ ಅವಳ ತಂದೆತಾಯಿ ಕುರುಮಾನ್‌ನಲ್ಲಿ 1870ರವರೆಗೂ ಇದ್ದರು. ಆ ದಾರಿಯೂ ಇತ್ತು. ಅದರಲ್ಲಿ ಸಂಸಾರ ಅನ್ನುವುದು ಕೆಲಸಕ್ಕೆ ಅಡ್ಡಿಯಾಗಿರಲಿಲ್ಲ, ಅರ್ಧ ಕೆಲಸವೇ ಅದಾಗಿತ್ತು. ಇನ್ನು ಲಿವಿಂಗ್‌ಸ್ಟನ್ ಹೊರಗಿಟ್ಟ ಸೆಚೆಲೆ, ಆತ ಹೋದ ಮೇಲೂ ತನ್ನ ಜನರ ನಡುವೆ ತಾನೇ ಪ್ರಾರ್ಥನೆ ನಡೆಸಿದ, ಬೋಧನೆ ಮಾಡಿದ. ನಾಲ್ಕು ದಿನ ಅಲ್ಲೇ ಇದ್ದು ನೋಡುವ ತಾಳ್ಮೆ ಗುರುವಿಗೆ ಇರಲಿಲ್ಲ, ಅಷ್ಟೇ.

1858ರಲ್ಲಿ ಲಿವಿಂಗ್‌ಸ್ಟನ್ ಜಾಂಬೆಜಿ ನದಿಗೆ ಹೊರಟಾಗ ಮೇರಿಯೂ ಜೊತೆಗಿದ್ದಳು. ಹಡಗಿನಲ್ಲಿ ಮತ್ತೆ ಬಸಿರು ಗೊತ್ತಾಗಿ ಕೇಪ್‌ಟೌನಿನಲ್ಲಿ ಇಳಿಸಿದರು. ಆ ವರ್ಷ ಕುರುಮಾನ್‌ನಲ್ಲಿ ಹುಟ್ಟಿದ ಆನಾ ಮೇರಿ ಅಪ್ಪನ ಮುಖ ನೋಡಿದ್ದು ಐದು ವರ್ಷ ದಾಟಿದ ಮೇಲೆ. ಇತ್ತ ಜಾಂಬೆಜಿಯಲ್ಲಿ ಲಿವಿಂಗ್‌ಸ್ಟನ್ ಓಡಿಸುತ್ತಿದ್ದ ಉಗಿದೋಣಿಯ ಹೆಸರು ‘ಮಾ-ರಾಬರ್ಟ್’. ಪ್ರೀತಿಯಿಂದಲೇ ಇಟ್ಟಿರಬೇಕು. ಸೋರುತ್ತಿತ್ತು, ಏದುಸಿರು ಬಿಡುತ್ತಿತ್ತು. ಅದಕ್ಕೆ ‘ಗೂರಲು ರೋಗಿ’ ಅಂತ ಅಡ್ಡಹೆಸರು ಬಿದ್ದಿತ್ತು.

ನಿಜವಾದ ಮಾ-ರಾಬರ್ಟ್ ಜಾಂಬೆಜಿಗೆ ಬಂದು ಸೇರಿದ್ದು 1862ರಲ್ಲಿ. ಮೂರು ತಿಂಗಳಾಗುವ ಹೊತ್ತಿಗೆ ಮಲೇರಿಯಾ. ಏಪ್ರಿಲ್ 27ರಂದು ಶುಪಾಂಗದಲ್ಲಿ ತೀರಿಕೊಂಡಳು. ಅಲ್ಲೇ ಒಂದು ಬಾವೊಬಾಬ್ ಮರದ ಕೆಳಗೆ ಹೂತರು. ಹಿರಿಯ ಮಗ ರಾಬರ್ಟ್ ಅಪ್ಪನನ್ನು ಹುಡುಕಿಕೊಂಡು ಆಫ್ರಿಕದ ನಟಾಲ್‌ವರೆಗೆ ಬಂದ, ಮುಂದಕ್ಕೆ ತಲುಪಲಾಗಲಿಲ್ಲ. ಅಲ್ಲಿಂದ ಅಮೆರಿಕಕ್ಕೆ ಹೋಗಿ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯ ಸೇರಿದ. ಸೆರೆಸಿಕ್ಕಿ, 1864ರ ಡಿಸೆಂಬರಿನಲ್ಲಿ ಉತ್ತರ ಕೆರೊಲೈನದ ಸೆರೆಶಿಬಿರದಲ್ಲಿ ಸತ್ತಾಗ ಅವನಿಗೆ ಹದಿನೆಂಟು. ಸೈನ್ಯದ ದಾಖಲೆಯಲ್ಲಿ ರಾಬರ್ಟ್ ಅನ್ನುವ ಹೆಸರಿಲ್ಲ, ಲಿವಿಂಗ್‌ಸ್ಟನ್ ಅನ್ನುವ ಹೆಸರೂ ಇಲ್ಲ. ಅಪ್ಪನ ಹೆಸರಿಗೆ ಮಸಿ ಬಳಿಯಬಾರದು ಅಂತ ಹುಡುಗ ತನ್ನ ಹೆಸರನ್ನು ರೂಪರ್ಟ್ ವಿನ್ಸೆಂಟ್ ಅಂತ ಬರೆಸಿದ್ದ.