ಅಂಕಿಯೂ ಅಂತಃಕರಣವೂ

ತುಂಬು ಬಸುರಿ ಮಗಳೊಡನೆ ದರ್ಶನಕ್ಕೆ ಬಂದಿದ್ದ ಗೃಹಸ್ಥರೊಬ್ಬರು ಇತ್ತೀಚೆಗೆ ಕೇಳಿದರು: “ಬುದ್ಧೀ, ಆ ಆಸ್ಪತ್ರೆಗೆ ಹೋದವರಿಗೆಲ್ಲ ಹೊಟ್ಟೆ ಕೊಯ್ದೇ ಹೆರಿಗೆ ಮಾಡಿಸುತ್ತಾರಂತೆ. ಕೊಯ್ಯದ ಆಸ್ಪತ್ರೆಯೇ ಒಳ್ಳೆಯದಲ್ಲವೆ?” ಮಗಳು ಮಾತನಾಡಲಿಲ್ಲ, ಹೊರಡುವಾಗ ಮಾತ್ರ ಮೆಲ್ಲನೆ, “ಕೊಯ್ಯಬೇಕಾಗಿ ಬಂದರೆ ಅದು ನನ್ನ ತಪ್ಪೆ ಬುದ್ಧೀ?” ಎಂದಳು. ಸಿಸೇರಿಯನ್ ಹೆರಿಗೆಯ ಪ್ರಮಾಣವೊಂದರಿಂದಲೇ ಆಸ್ಪತ್ರೆಯ ಯೋಗ್ಯತೆಯನ್ನು ಅಳೆಯಬಹುದೆ? ತಾವೂ ನಮ್ಮೊಡನೆ ವಿಚಾರಿಸಬೇಕು.

ತಂದೆಯ ಸಂಶಯ ನಿರಾಧಾರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಸರಕಾರಿ ಆಸ್ಪತ್ರೆಗಳಲ್ಲಿ ನೂರಕ್ಕೆ 14.3 ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆದರೆ, ಖಾಸಗಿ ಆಸ್ಪತ್ರೆಗಳಲ್ಲಿ 47.4 ಆಗಿವೆ. ತಾಯಂದಿರ ದೇಹಸ್ಥಿತಿಯೊಂದೇ ಇಷ್ಟು ಅಂತರಕ್ಕೆ ಕಾರಣವಾಗಲಾರದು. ಹಣದ ಆಸೆ, ಸಮಯದ ಅನುಕೂಲ, ಮೊಕದ್ದಮೆಯ ಭಯ, ಮುಹೂರ್ತ ಹಿಡಿದು ಮಗುವನ್ನು ಬಯಸುವ ಬಂಧುಗಳ ಹಟ ಇವೂ ಸೇರಿಕೊಂಡಿರಬಹುದು. ಅನವಶ್ಯಕ ಶಸ್ತ್ರಕ್ರಿಯೆಯಿಂದ ರಕ್ತಸ್ರಾವ, ಸೋಂಕುಗಳ ಭಯವುಂಟು. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಕಚ್ಚಿಕೊಳ್ಳುವ ಅಪಾಯವೂ ಹೆಚ್ಚುತ್ತದೆ.

ಹಾಗಾದರೆ ಅಂಕಿ ಕಡಮೆಯಾದಷ್ಟೂ ಆಸ್ಪತ್ರೆ ಉತ್ತಮವೆ? ಇಂಗ್ಲೆಂಡಿನ ಶ್ರೂಸ್‌ಬರಿ ಮತ್ತು ಟೆಲ್‌ಫರ್ಡ್ ಆಸ್ಪತ್ರೆಗಳು ಶಸ್ತ್ರಕ್ರಿಯೆ ಕಡಮೆಯೆಂದೇ ಹೊಗಳಿಕೆ ಪಡೆದಿದ್ದವು. ಡೊನ್ನಾ ಆಕೆಂಡನ್ ಅವರ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿ 2022ರ ಮಾರ್ಚ್‌ನಲ್ಲಿ ಹೊರಬಂದಾಗ, ಸರಿಯಾದ ಆರೈಕೆ ದೊರೆತಿದ್ದರೆ ಇನ್ನೂರಕ್ಕೂ ಹೆಚ್ಚು ಶಿಶುಗಳು ಬದುಕುಳಿಯಬಹುದಿತ್ತೆಂಬುದು ತಿಳಿಯಿತು. ಸಕಾಲದಲ್ಲಿ ಶಸ್ತ್ರಕ್ರಿಯೆಗೆ ಹಿಂಜರಿದದ್ದೂ ಅಲ್ಲಿ ಕಂಡ ದೋಷಗಳಲ್ಲೊಂದು. ಅದೇ ವರ್ಷದ ಫೆಬ್ರವರಿಯಲ್ಲಿ ಆ ದೇಶದ ಆರೋಗ್ಯ ಸೇವೆಯು, ಒಟ್ಟು ಸಿಸೇರಿಯನ್ ಪ್ರಮಾಣದಿಂದ ಆಸ್ಪತ್ರೆಗಳ ಕಾರ್ಯವನ್ನು ಅಳೆಯುವುದನ್ನು ನಿಲ್ಲಿಸುವಂತೆ ಸೂಚಿಸಿತು.

ವಿಶ್ವ ಆರೋಗ್ಯ ಸಂಸ್ಥೆಯ ಚಿಂತನೆಯೂ ಹೀಗೆಯೇ ಪಕ್ವವಾಗಿದೆ. ಯಾವ ಪ್ರದೇಶದಲ್ಲಿಯೂ ಈ ಪ್ರಮಾಣ ನೂರಕ್ಕೆ 10-15ನ್ನು ಮೀರಲು ಕಾರಣವಿಲ್ಲವೆಂಬ ಅಭಿಪ್ರಾಯ 1985ರಲ್ಲಿ ಬಂದಿತು. 2015ರಲ್ಲಿ ಸಂಸ್ಥೆಯು, ಒಂದು ಅಂಕಿಯನ್ನು ಮುಟ್ಟುವ ಯತ್ನಕ್ಕಿಂತ ಅವಶ್ಯವುಳ್ಳ ಪ್ರತಿಯೊಬ್ಬ ತಾಯಿಗೂ ಶಸ್ತ್ರಕ್ರಿಯೆ ದೊರೆಯುವುದು ಮುಖ್ಯವೆಂದಿತು. ವೈದ್ಯ ಮೈಕೆಲ್ ರಾಬ್ಸನ್ ಅವರು ರೂಪಿಸಿದ ಹತ್ತು ವರ್ಗಗಳ ಕ್ರಮವನ್ನೂ ಅದು ಶಿಫಾರಸು ಮಾಡಿತು. ಚೊಚ್ಚಲೋ ಅಲ್ಲವೋ, ಹಿಂದೆ ಶಸ್ತ್ರಕ್ರಿಯೆ ಆಗಿದೆಯೋ, ಮಗು ಒಂದೋ ಅವಳಿಯೋ, ಅದರ ತಲೆ ಕೆಳಗಿದೆಯೋ, ದಿನ ತುಂಬಿದೆಯೋ, ನೋವು ತಾನಾಗಿ ಬಂದಿತೋ ಎಂಬುದನ್ನು ನೋಡಿ ಸಮಾನರನ್ನು ಸಮಾನರೊಡನೆ ಹೋಲಿಸುವ ವಿಧಾನವಿದು. ಸುತ್ತಲಿನ ಊರುಗಳಿಂದ ಕಠಿಣ ಹೆರಿಗೆಗಳು ಬಂದು ಸೇರುವ ದೊಡ್ಡಾಸ್ಪತ್ರೆಯನ್ನೂ ಶಸ್ತ್ರಕ್ರಿಯೆಯ ಸೌಕರ್ಯವೇ ಇಲ್ಲದ ಚಿಕ್ಕಾಸ್ಪತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಆದುದರಿಂದ ಅಂಕಿಯನ್ನು ಅಲಕ್ಷಿಸಬಾರದು. ಅದನ್ನೇ ತೀರ್ಪೆಂದೂ ಬಗೆಯಬಾರದು. ಅದು ಪ್ರಶ್ನೆ ಕೇಳಲು ನಮಗೆ ದೊರೆತ ಆಧಾರ. ಯಾರಿಗೆ ಮಾಡಿದರು, ಏಕೆ ಮಾಡಿದರು, ತಾಯಿಗೆ ತಿಳಿಸಿ ಒಪ್ಪಿಗೆ ಪಡೆದರೆ, ತಾಯಿ ಮಗು ಕ್ಷೇಮವಾಗಿ ಮನೆ ಸೇರಿದರೆ ಎಂದು ಕೇಳುವುದು ನಮ್ಮ ಕರ್ತವ್ಯ. ಮುಚ್ಚುಮರೆಯಿಲ್ಲದೆ ಉತ್ತರಿಸುವುದು ವೈದ್ಯರ ಧರ್ಮ.

ಆ ಹೆಣ್ಣುಮಗಳಿಗೆ ನಾವು ಹೇಳಿದ್ದು ಇಷ್ಟೆ: “ಇಲ್ಲ ತಾಯಿ, ಅವಶ್ಯವಿದ್ದು ಕೊಯ್ದರೆ ಅದು ಯಾರ ತಪ್ಪೂ ಅಲ್ಲ. ಏಕೆಂದು ಕೇಳಲು ಮಾತ್ರ ಸಂಕೋಚಪಡಬೇಡ.” ತಂದೆಗೆ ಹೇಳಿದ್ದು, ಅವಳು ಕೇಳುವಾಗ ಪಕ್ಕದಲ್ಲಿ ನಿಂತಿರಿ ಎಂದು.